ಐವತ್ತೆಂಟಕ್ಕೆ ಹೊರಟು ನಿಂತವರು

ತಾವು ಯಾವಾಗ ಸಾಯುತ್ತೇವೆಂಬುದು ಹಲ್ಲಿನ ಮೇಷ್ಟ್ರಿಗೆ ಇಪ್ಪತ್ತಾರನೇ ವಯಸ್ಸಿನಿಂದಲೇ ಗೊತ್ತಿತ್ತು. ಅಜ್ಜ ಐವತ್ತೆಂಟಕ್ಕೆ ಹೋಗಿದ್ದರು, ಅಪ್ಪ ಐವತ್ತೆಂಟಕ್ಕೆ ಹೋದರು. ಆಗಲೇ ಮೇಷ್ಟ್ರಿಗೆ ಅನುಮಾನ ಹತ್ತಿತ್ತು. ಅದಾದ ಎರಡೇ ವರ್ಷಕ್ಕೆ ಚಿಕ್ಕಪ್ಪನೂ ಐವತ್ತೆಂಟಕ್ಕೇ ಹೋದಾಗ ಅನುಮಾನವೂ ಉಳಿಯಲಿಲ್ಲ. ಐವತ್ತೊಂಬತ್ತು ತುಂಬುವ ದಿನವನ್ನು ತಮ್ಮ ಮನೆಯ ಗಂಡಸರು ನೋಡುವವರಲ್ಲ ಎಂದು ಅವರು ತೀರ್ಮಾನಿಸಿದರು. ಅದನ್ನು ಇನ್ನೊಬ್ಬರ ಹತ್ತಿರ ಕೇಳಿ ಖಚಿತಪಡಿಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. ಅಮ್ಮನನ್ನು ಕೇಳಿದರೆ ಅವಳಿಗೆ ನೋವಾಗುತ್ತದೆ ಎಂದುಕೊಂಡರು. ತಮ್ಮ ಈ ತ್ಯಾಗವನ್ನು ನೆನೆದು ಆಗಾಗ ಅವರ ಕಣ್ಣೇ ತೇವವಾಗುತ್ತಿತ್ತು.

ಮೇಷ್ಟ್ರು ಎಂದರೆ ಪಾಠ ಹೇಳುವವರಲ್ಲ. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಎರಡು ಕೋಣೆಗಳಲ್ಲಿ ಅವರು ಕಟ್ಟುಹಲ್ಲು ಮಾಡುತ್ತಿದ್ದರು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಇವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸಿ, ಕುದಿಸಿ, ಉಜ್ಜಿ, ಹೊಳಪು ಕೊಟ್ಟು ವಾಪಸು ಕಳಿಸುವರು. ಕೆಲಸ ಕಲಿಯಲು ಬಂದ ಹುಡುಗಿಯೊಬ್ಬಳು ಮೊದಲ ದಿನವೇ ಮೇಷ್ಟ್ರೇ ಎಂದು ಕರೆದಳು, ಅದೇ ನಿಂತಿತು. ಪ್ಲಾಸ್ಟರಿನ ದವಡೆಯೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಅದು ಎಷ್ಟು ವಯಸ್ಸಿನವರದ್ದೆಂದು ಹೇಳಿಬಿಡುವುದು ಮೇಷ್ಟ್ರ ಹೆಮ್ಮೆ. ಎರಡು ವರ್ಷ ಆಚೀಚೆ ಆದರೆ ಡಾಕ್ಟರ ದಾಖಲೆಯೇ ತಪ್ಪಿರಬೇಕು ಎನ್ನುತ್ತಿದ್ದರು.

ಮದುವೆಗೆ ಮುಂಚೆ, ಇಪ್ಪತ್ತೊಂಬತ್ತರಲ್ಲಿ, ಅವರು ಹೆಂಡತಿಯಾಗಲಿದ್ದವಳಿಗೆ ವಿಷಯ ಮುಚ್ಚಿಡಲಿಲ್ಲ. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಿದ್ದಳು. ಒಂದು ಮಧ್ಯಾಹ್ನ ಪಾರ್ಕಿನ ಬೆಂಚಿನ ಮೇಲೆ ಕೂರಿಸಿ, ಗಂಟಲು ಸರಿಮಾಡಿಕೊಂಡು, ಇಡೀ ವಂಶದ ಕಥೆ ಹೇಳಿದರು.

"ಈಗ್ಲೂ ಕಾಲ ಮಿಂಚಿಲ್ಲ. ಬೇಡ ಅನ್ನೋದಾದ್ರೆ ನನಗೇನೂ ಬೇಜಾರಿಲ್ಲ," ಎಂದರು, ಬೇಜಾರಾಗಲು ಪೂರ್ತಿ ತಯಾರಾಗಿ.

ಅವಳು ಬೆರಳು ಮಡಿಚಿ ಎಣಿಸಿದಳು. "ಇನ್ನೂ ಇಪ್ಪತ್ತೊಂಬತ್ತು ವರ್ಷ ಇದೆಯಲ್ಲ. ಬಿಸಿಲು ಮುಖಕ್ಕೇ ಹೊಡೀತಿದೆ, ಏಳಿ, ಆ ಮರದ ಕೆಳಗೆ ಹೋಗೋಣ."

ಹೀಗೆ ಶುರುವಾದ ಸಂಸಾರ ಕೆಟ್ಟದ್ದೇನೂ ಆಗಿರಲಿಲ್ಲ. ಸಂಜೆ ಐದು ಹೊಡೆದರೆ ಮೇಷ್ಟ್ರು ಕೋಣೆಗೆ ಬೀಗ ಹಾಕುವರು. ಎಂಥ ಅರ್ಜೆಂಟಿನ ಕೆಲಸವಿದ್ದರೂ ಬೆಳಿಗ್ಗೆಯೇ. ವರ್ಷಕ್ಕೆ ಹತ್ತು ದಿನ ಹೆಂಡತಿಯನ್ನು ಎಲ್ಲಿಗಾದರೂ ಕರೆದುಕೊಂಡು ಹೋಗುವರು. ಮುಂದಿನ ವರ್ಷ ನೋಡೋಣ ಎಂಬ ಮಾತು ಆ ಮನೆಯಲ್ಲಿ ಹುಟ್ಟಲೇ ಇಲ್ಲ. ಜಗಳವಾದರೆ ಮುಖ ಊದಿಸಿಕೊಂಡು ಕೂರುವಷ್ಟು ಪುರಸೊತ್ತು ತಮಗಿಲ್ಲವೆಂದು ಅರ್ಧ ಗಂಟೆಯೊಳಗೆ ತಾವೇ ಬಂದು ಮಾತಾಡಿಸುವರು. ಅಕ್ಕಪಕ್ಕದ ಹೆಂಗಸರು ಇಂಥ ಗಂಡ ಎಲ್ಲಿ ಸಿಗುತ್ತಾನೆ ಎನ್ನುತ್ತಿದ್ದರು.

ಆದರೆ ಅದೇ ಲೆಕ್ಕ ಉಳಿದ ಕಡೆಯೂ ನುಗ್ಗುತ್ತಿತ್ತು. ನಲವತ್ತೊಂಬತ್ತರಲ್ಲಿ ಒಂದು ಕೋಟು ಕೊಳ್ಳಲು ಹೋಗಿ, ಇದು ಹದಿನೈದು ವರ್ಷ ಬರುತ್ತದೆ ಎಂದು ಅಂಗಡಿಯವನು ಹೊಗಳಿದಾಗ, ಒಂಬತ್ತು ವರ್ಷದ್ದು ಇದ್ದರೆ ತೋರಿಸಿ ಎಂದರು. ಬಲಗಡೆಯ ದವಡೆ ಹಲ್ಲೊಂದು ಅಲ್ಲಾಡತೊಡಗಿದಾಗ, ಅದು ಮೊದಲು ಬೀಳುತ್ತದೋ ತಾವು ಮೊದಲೋ ಎಂದು ಯೋಚಿಸಿ, ತಾವೇ ಎಂದು ಕಂಡುಬಂದದ್ದರಿಂದ ಅದನ್ನು ಹಾಗೇ ಬಿಟ್ಟು ಎಡಗಡೆಯಿಂದ ಅಗಿಯತೊಡಗಿದರು. ಊರಿಗೆಲ್ಲ ಹಲ್ಲು ಕಟ್ಟಿಕೊಡುವವರು ಒಂದೇ ಕಡೆ ಅಗಿಯುವುದನ್ನು ನೋಡಿ ಡಾಕ್ಟರು ತಲೆ ಚಚ್ಚಿಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲೇ ಹಲ್ಲಿನ ಆಕಾರ ಬರೆದು ಯಂತ್ರದಿಂದ ಕೊರೆಸುವ ವಿದ್ಯೆ ಬಂದಾಗ ಡಾಕ್ಟರು, "ಒಂದು ತಿಂಗಳು ಕೂತು ಕಲೀರಿ ಮೇಷ್ಟ್ರೇ," ಎಂದರು. "ಇನ್ನೇನು ಏಳೆಂಟು ವರ್ಷಕ್ಕೆ ಅದೆಲ್ಲ ಯಾಕೆ ಸಾರ್," ಎಂದು ಇವರು ಕೈ ಆಡಿಸಿಬಿಟ್ಟರು.

ಎಲ್ಲಕ್ಕಿಂತ ದೊಡ್ಡ ವಿಷಯ ಎರಡನೇ ಮಗುವಿನದು. ಮಗಳಿಗೆ ಎಂಟು ತುಂಬಿದಾಗ ಹೆಂಡತಿ ಇನ್ನೊಂದಿರಲಿ ಎಂದಳು. ಮೇಷ್ಟ್ರಿಗೆ ಆಗ ನಲವತ್ತು. ಅವರು ಒಂದು ಕಾಗದ ತೆಗೆದುಕೊಂಡು ಬರೆದು ತೋರಿಸಿದರು: ಮಗು ಕಾಲೇಜಿಗೆ ಸೇರುವ ವರ್ಷಕ್ಕೆ ಸರಿಯಾಗಿ ಅಪ್ಪ ಇಲ್ಲ. "ಅಪ್ಪ ಇಲ್ಲದ ಮಗೂನ ಬೇಕೂಂತಲೇ ಹುಟ್ಟಿಸೋದು ನ್ಯಾಯಾನಾ, ನೀನೇ ಹೇಳು." ಅವಳು ಕಾಗದ ನೋಡಿದಳು, ಮಡಿಚಿ ಅವರ ಜೇಬಿಗಿಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ. ತಾವು ಎಷ್ಟು ದೂರದೃಷ್ಟಿಯವರು ಎಂದು ಮೇಷ್ಟ್ರಿಗೆ ಅಂದು ಅನಿಸಿತ್ತು.

ಐವತ್ತೆಂಟು ತುಂಬಿದ್ದೇ ತಡ, ಮೇಷ್ಟ್ರು ಗಂಟುಮೂಟೆ ಕಟ್ಟತೊಡಗಿದರು. ಒಂದು ಕಾಲಕ್ಕೆ ಕೆಲಸ ಕಲಿಯಲು ಬಂದಿದ್ದ ಆ ಹುಡುಗಿ ಈಗ ಎರಡು ಬೀದಿ ಆಚೆ ಸ್ವಂತ ಲ್ಯಾಬ್ ಇಟ್ಟುಕೊಂಡಿದ್ದಳು. ಅವಳನ್ನು ಕರೆಸಿ ಕೆಲಸದ ಬೆಂಚು, ಮೇಣ ಕೆತ್ತುವ ಚಾಕುಗಳು, ಪಾಲಿಶ್ ಮೋಟಾರು, ಎಲ್ಲವನ್ನೂ ಒಪ್ಪಿಸಿದರು. "ಎಲ್ಲಿಗೆ ಹೋಗ್ತಿದೀರ ಮೇಷ್ಟ್ರೇ?" ಎಂದು ಅವಳು ಕೇಳಿದರೆ, "ಎಲ್ಲರೂ ಹೋಗೋ ಕಡೆಗೇ," ಎಂದು ತಣ್ಣಗೆ ನಕ್ಕರು. ಆ ನಗುವನ್ನು ಅವರು ಕನ್ನಡಿಯ ಮುಂದೆ ಎರಡು ಮೂರು ಸಲ ಅಭ್ಯಾಸ ಮಾಡಿದ್ದರು. ಕೋಟನ್ನು ಪಕ್ಕದ ಮನೆಯವನಿಗೆ ಕೊಟ್ಟರು. ಆ ವರ್ಷ ಚಳಿ ಬೇಗ ಬಂತು. ಪಕ್ಕದ ಮನೆಯವನು ಅದೇ ಕೋಟು ಹಾಕಿಕೊಂಡು ದಿನಾ ಬೆಳಿಗ್ಗೆ ಇವರ ಎದುರೇ ಓಡಾಡುತ್ತಿದ್ದ, ಇವರು ಕಿಟಕಿಯೊಳಗಿಂದ ನಡುಗುತ್ತ ಕೈ ಬೀಸುತ್ತಿದ್ದರು.

ಮನಸ್ಸಿನ ಭಾರವನ್ನೂ ಇಳಿಸಬೇಕಿತ್ತು. ಒಂದು ದಿನ ಡಾಕ್ಟರ ಮುಂದೆ ಕೈಕಟ್ಟಿ ನಿಂತು ಹದಿನಾಲ್ಕು ವರ್ಷದ ಹಿಂದಿನ ತಪ್ಪು ಒಪ್ಪಿಕೊಂಡರು. ಒಂದೇ ದಿನ ಬಂದ ಇಬ್ಬರ ಹಲ್ಲಿನ ಸೆಟ್ಟು ಅವರ ಕೈಯಲ್ಲಿ ಅದಲು ಬದಲಾಗಿತ್ತು. ಗೊತ್ತಾಗುವಷ್ಟರಲ್ಲಿ ಇಬ್ಬರೂ ಹಾಕಿಕೊಂಡು ಹೋಗಿ, ಬಹಳ ಚೆನ್ನಾಗಿ ಕೂತಿದೆ ಎಂದು ಹೇಳಿ ಕಳಿಸಿದ್ದರು. ಇವರು ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನನಗೆ ಯಾಕೆ ಹೇಳಿದ್ರಿ ಮೇಷ್ಟ್ರೇ? ಅವರಲ್ಲೊಬ್ಬರು ನಮ್ಮತ್ತೆ. ಈ ಭಾನುವಾರ ಊಟಕ್ಕೆ ಬರ್ತಿದಾರೆ. ನಾನು ಅವರ ಬಾಯಿ ನೋಡದೆ ಹೇಗೆ ಊಟ ಮಾಡ್ಲಿ?"

ಉಳಿದದ್ದು ಅಕ್ಕ. ಎಂಟು ವರ್ಷ ದೊಡ್ಡವಳು, ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿದ್ದಳು. ಹನ್ನೆರಡು ವರ್ಷದಿಂದ ಮಾತಿಲ್ಲ, ಕತೆಯಿಲ್ಲ. ಅಮ್ಮ ತೀರಿಕೊಂಡಾಗ ಅವಳ ಬೆತ್ತದ ಕುರ್ಚಿ ಯಾರಿಗೆ ಎಂಬ ಮಾತು ಬಂತು. ಅಕ್ಕ ತನಗಿರಲಿ ಎಂದಳು. "ನನಗಿರೋದೇ ಇನ್ನು ಹನ್ನೆರಡು ವರ್ಷ. ಅಷ್ಟು ದಿನ ಕೂತ್ಕೋತೀನಿ, ಆಮೇಲೆ ನೀನೇ ತಗೋ," ಎಂದು ಮೇಷ್ಟ್ರು ಪಟ್ಟು ಹಿಡಿದರು. ಅಕ್ಕ ಸೊಂಟಕ್ಕೆ ಕೈಯಿಟ್ಟುಕೊಂಡು, "ಸಾಯೋದನ್ನೇ ಒಂದು ನೌಕರಿ ಮಾಡ್ಕೊಂಡಿದೀಯಲ್ಲೋ," ಎಂದುಬಿಟ್ಟಳು. ಮೇಷ್ಟ್ರು ಕುರ್ಚಿ ಹೊತ್ತುಕೊಂಡು ಅಲ್ಲಿಂದ ಎದ್ದು ಬಂದವರು ಮತ್ತೆ ಆ ಕಡೆ ತಲೆ ಹಾಕಿರಲಿಲ್ಲ.

ಈಗ ಐದು ತಿಂಗಳು ಬಾಕಿ ಇರುವಾಗ ಅದೇ ಕುರ್ಚಿಯನ್ನು ಹೊತ್ತು ಬಸ್ಸು ಹತ್ತಿದರು. ಬಸ್ಸು ಕಿಕ್ಕಿರಿದಿತ್ತು. ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು, ಸೀಟಿಲ್ಲದೆ ನಿಂತ ಜನರ ನಡುವೆ, ಎರಡು ಗಂಟೆ ರಾಜನ ಹಾಗೆ ಕೂತು ಹೋದರು. ಕಂಡಕ್ಟರ್ ಟಿಕೆಟ್ ಹರಿಯುತ್ತ, "ಕುರ್ಚಿಗೂ ಒಂದು ಕೊಡ್ಲಾ?" ಎಂದ.

ಅಕ್ಕ ಬಾಗಿಲು ತೆರೆದಳು. ಅರವತ್ತಾರು ವರ್ಷ, ಕೂದಲು ಬೆಳ್ಳಗಾಗಿತ್ತು, ಕಣ್ಣು ಮಾತ್ರ ಮೊದಲಿನಷ್ಟೇ ಚುರುಕು. ತಮ್ಮನನ್ನು ನೋಡಿದಳು, ಕುರ್ಚಿ ನೋಡಿದಳು.

"ಕಾಲು ಮುರಿದಿದೀಯಾ ಅದರದ್ದು?"

"ಇಲ್ಲ. ನೀನಿಟ್ಕೋ ಅಂತ ತಂದೆ. ನನಗಿನ್ನು ಐದು ತಿಂಗಳು ಅಕ್ಕ."

ಅಕ್ಕನ ಮುಖ ಸಣ್ಣದಾಯಿತು. ಕೈ ಹಿಡಿದು ಒಳಗೆ ಕರೆದೊಯ್ದು ಅದೇ ಕುರ್ಚಿಯಲ್ಲಿ ಕೂರಿಸಿದಳು. "ಅವತ್ತು ಹನ್ನೆರಡು ವರ್ಷ ಅಂದಾಗ್ಲೇ ಕೇಳ್ಬೇಕಿತ್ತು. ಕೋಪದಲ್ಲಿ ಬಿಟ್ಟುಬಿಟ್ಟೆ. ಏನು ಕಾಯಿಲೆ? ಯಾವ ಡಾಕ್ಟರು ಹೇಳಿದ್ದು?"

"ಕಾಯಿಲೆ ಅಲ್ಲ, ವಂಶ. ಅಜ್ಜ ಐವತ್ತೆಂಟು. ಅಪ್ಪ ಐವತ್ತೆಂಟು. ಚಿಕ್ಕಪ್ಪ ಐವತ್ತೆಂಟು."

ಅಕ್ಕ ಕೈ ಬಿಟ್ಟಳು. "ಅಪ್ಪ ಐವತ್ತೆಂಟು ಅಂತ ನಿನಗ್ಯಾರು ಹೇಳಿದ್ರು?"

"ಯಾರು ಹೇಳೋದೇನು? ರೈಲ್ವೆ ಕಾಗದದಲ್ಲೇ ಇದೆಯಲ್ಲ. ರಿಟೈರಾಗೋ ತಿಂಗಳೇ ಹೋದ್ರು."

"ಲೋ ಪೆದ್ದ," ಅಕ್ಕ ನಿಧಾನವಾಗಿ ಹೇಳಿದಳು, "ಅಪ್ಪ ಕೆಲಸಕ್ಕೆ ಸೇರ್ದಾಗ ಮೂವತ್ತೈದು. ಮೂವತ್ತಕ್ಕಿಂತ ಮೇಲಿನವರನ್ನ ತಗೋತಿರ್ಲಿಲ್ಲ. ಐದು ವರ್ಷ ಕಮ್ಮಿ ಬರೆಸ್ದ. ಸತ್ತಾಗ ಅಪ್ಪಂಗೆ ಅರವತ್ಮೂರು. ಅಮ್ಮ ಬಾಯಿ ಬಿಡ್ತಿರ್ಲಿಲ್ಲ, ಎಲ್ಲಿ ಪೆನ್ಷನ್‌ಗೆ ಕಲ್ಲು ಬೀಳುತ್ತೋ ಅಂತ ಹೆದರ್ತಿದ್ಲು."

ಮೇಷ್ಟ್ರು ಕುರ್ಚಿಯ ತೋಳು ಹಿಡಿದುಕೊಂಡರು. "ಅಜ್ಜ?"

"ಅಜ್ಜನ ಸಾವು ಬರೆಸೋಕೆ ಅಪ್ಪನ ಜೊತೆ ಕಚೇರಿಗೆ ಹೋಗಿದ್ದೋಳು ನಾನೇ. ನನಗೆ ಹದಿನಾರು. ಗುಮಾಸ್ತ ವಯಸ್ಸು ಕೇಳ್ದ. ಅಪ್ಪಂಗೆ ಗೊತ್ತಿಲ್ಲ. ಹಿಂದೆ ಉದ್ದ ಸಾಲು, ಎಲ್ಲರೂ ಗೊಣಗ್ತಿದಾರೆ. ಅಪ್ಪ ಒಂದ್ಸಲ ತಲೆ ಕೆರ್ಕೊಂಡು ಐವತ್ತೆಂಟು ಅಂದ. ಆಚೆ ಬಂದ್ಮೇಲೆ ಯಾಕಪ್ಪ ಐವತ್ತೆಂಟು ಅಂತ ಕೇಳ್ದೆ. ರಿಟೈರ್ ಆಗೋ ವಯಸ್ಸಲ್ವಾ, ಬಾಯಿಗೆ ಬಂತು ಅಂದ."

"ಚಿಕ್ಕಪ್ಪ?" ಮೇಷ್ಟ್ರ ದನಿಯಲ್ಲಿ ಈಗ ಬೇಡಿಕೆಯಿತ್ತು. ಒಬ್ಬರಾದರೂ ಉಳಿಯಲಿ ಎಂಬಂತೆ.

"ಚಿಕ್ಕಪ್ಪ ಐವತ್ತೆಂಟೇ," ಎಂದಳು ಅಕ್ಕ. ಮೇಷ್ಟ್ರು ಉಸಿರು ಬಿಟ್ಟರು. "ಆದ್ರೆ ಏಣಿ ಮೇಲಿಂದ ಬಿದ್ದು ಸತ್ತಿದ್ದಲ್ವೇನೋ. ಏಣೀನೂ ನಮ್ಮ ವಂಶಾನಾ?"

ಹೀಗೆಂದವಳಿಗೆ ನಗು ತಡೆಯಲಾಗಲಿಲ್ಲ. ಗೋಡೆಯ ಮೇಲಿದ್ದ ಅಜ್ಜನ ಹಳೆಯ ಫೋಟೋ ಇಳಿಸಿ ತಂದು ತಮ್ಮನ ತೊಡೆಯ ಮೇಲಿಟ್ಟಳು. ಮೇಷ್ಟ್ರು ಕನ್ನಡಕ ಹಾಕಿಕೊಂಡು ನೋಡಿದರು. ಬಾಯಲ್ಲಿ ಒಂದೂ ಹಲ್ಲಿಲ್ಲ. ಕೆಳದವಡೆ ಸವೆದು ಚಪ್ಪಟೆಯಾಗಿದೆ, ಗದ್ದ ಮೂಗಿನ ಹತ್ತಿರಕ್ಕೆ ಬಂದಿದೆ. ಇಂಥ ದವಡೆ ಬೆಂಚಿನ ಮೇಲೆ ಬಂದಿದ್ದರೆ ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಹೇಳುತ್ತಿದ್ದರು: ಎಪ್ಪತ್ತೆಂಟು, ಎಂಬತ್ತಾದರೂ ಆಶ್ಚರ್ಯವಿಲ್ಲ. ಇದೇ ಫೋಟೋದ ಇನ್ನೊಂದು ಪ್ರತಿ ಅವರ ಮನೆಯ ನಡುಕೋಣೆಯಲ್ಲೂ ಇತ್ತು. ಮೂವತ್ತು ವರ್ಷ ಅದರ ಕೆಳಗೆ ಕೂತು ತಿಂಡಿ ತಿಂದಿದ್ದರು.

ವಾಪಸು ಬರುವಾಗ ಕುರ್ಚಿ ಇರಲಿಲ್ಲ, ನಿಂತೇ ಬಂದರು. ಬದುಕಿದೆಯಾ ಬಡಜೀವ ಎಂದು ಕುಣಿಯಬೇಕಿತ್ತು. ಕುಣಿಯುವ ಮನಸ್ಸು ಬರಲಿಲ್ಲ. ಅವಮಾನವಾದ ಹಾಗಿತ್ತು. ಮೂವತ್ತೆರಡು ವರ್ಷ ಹೊತ್ತು ತಿರುಗಿದ ಗಂಭೀರವಾದ ದುಃಖವೊಂದು, ಸಾಲಿನಲ್ಲಿ ನಿಂತು ಬೇಸತ್ತ ಮನುಷ್ಯನೊಬ್ಬನ ಬಾಯಿಗೆ ಬಂದ ಮಾತಾಗಿತ್ತು. ಹೆಂಡತಿಗೆ ಹೇಗೆ ಹೇಳುವುದು? ಡಾಕ್ಟರಿಗೆ? ಕೋಟು ಹಾಕಿಕೊಂಡು ಓಡಾಡುವವನಿಗೆ? ಒಂದು ಗಳಿಗೆ ಅವರಿಗೆ, ಯಾರಿಗೂ ಏನೂ ಹೇಳದೆ ಐದು ತಿಂಗಳಲ್ಲಿ ಹೇಗಾದರೂ ಸತ್ತುಬಿಟ್ಟರೆ ಮರ್ಯಾದೆಯಾದರೂ ಉಳಿಯುತ್ತದೆ ಎನ್ನಿಸಿತು. ಆಮೇಲೆ ಆ ಯೋಚನೆಗೆ ತಮಗೇ ನಗು ಬಂದು, ಮುಂದೆ ನಿಂತಿದ್ದ ಹೆಂಗಸು ತಿರುಗಿ ನೋಡಿದಳು.

ಮನೆಯಲ್ಲಿ ಹೆಂಡತಿ ಕಿಟಕಿಯ ಬಳಿ ಕೂತು ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಮೇಷ್ಟ್ರು ಚಪ್ಪಲಿ ಬಿಡದೆಯೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅವಳು ಬೆಚ್ಚಲಿಲ್ಲ. ದಾರ ಹಲ್ಲಿನಿಂದ ಕಡಿದು ಸೂಜಿಯನ್ನು ಡಬ್ಬಿಯಲ್ಲಿಟ್ಟಳು.

"ಅಂತೂ ಅಕ್ಕ ಹೇಳಿದ್ರಾ," ಎಂದಳು.

ಮೇಷ್ಟ್ರು ಅಲ್ಲೇ ನೆಲದ ಮೇಲೆ ಕೂತರು. "ನಿನಗೆ ಗೊತ್ತಿತ್ತಾ?"

"ಅತ್ತೆ ಆಸ್ಪತ್ರೇಲಿದ್ದಾಗ ನಾನೇ ಬಾಯಿ ಬಿಟ್ಟೆ. ನಿಮ್ಮ ಮಗ ಐವತ್ತೆಂಟಕ್ಕೆ ಹೋಗ್ತೀನಿ ಅಂತ ಕೂತಿದಾರೆ, ನೀವಾದ್ರೂ ಏನಾದ್ರೂ ಹೇಳಿ ಅಂದೆ. ಆ ನೋವಲ್ಲೂ ನಕ್ಕುಬಿಟ್ರು ಪಾಪ. ಎಲ್ಲಾ ಹೇಳಿದ್ರು."

"ಹನ್ನೆರಡು ವರ್ಷ ಸುಮ್ನಿದ್ದೆಯಾ?"

"ಮೊದಲನೇ ವರ್ಷ ಸುಮ್ನಿದ್ದಿದ್ದು ಕೋಪದಲ್ಲಿ. ನನಗೆ ನಲವತ್ನಾಲ್ಕಾಗಿತ್ತು ರೀ. ಇನ್ನೊಂದು ಮಗು ಅನ್ನೋ ಮಾತು ಮುಗಿದುಹೋಗಿತ್ತು. ನಿಮಗೆ ಹೇಳೋಕೆ ಹೋದ್ರೆ ಅದನ್ನೇ ಹೇಳ್ತಿದ್ದೆ, ಕಿರುಚಿ ಹೇಳ್ತಿದ್ದೆ. ಅದಕ್ಕೇ ಬಾಯಿ ಮುಚ್ಕೊಂಡಿದ್ದೆ."

ಆ ವರ್ಷ ಮೇಷ್ಟ್ರಿಗೆ ನೆನಪಿತ್ತು. ಹೆಂಡತಿ ಮಾತು ಕಮ್ಮಿ ಮಾಡಿದ್ದಳು. ಅವಳಿಗೆ ಮಂಡಿ ನೋವಿರಬೇಕೆಂದು ಅವರು ಎಣ್ಣೆ ತಂದುಕೊಟ್ಟಿದ್ದರು.

"ಆಮೇಲೆ?"

"ಆಮೇಲೆ ಒಂದಿನ ಹೇಳೇಬಿಡೋಣ ಅಂತ ಕೂತಿದ್ದೆ. ನೀವು ಐದು ಗಂಟೆಗೆ ಬಂದ್ರಿ. ಇರೋದೇ ನಾಕು ದಿನ, ಏಳು, ಹೊರಗೆ ಹೋಗೋಣ ಅಂದ್ರಿ. ನಮ್ಮ ಕಚೇರೀಲಿ ಬೇರೆಯವರ ಗಂಡಂದಿರು ಎಂಟಾದ್ರೂ ಮನೆಗೆ ಬರಲ್ಲ ಅಂತ ಗೋಳಾಡ್ತಿದ್ರು. ನಿಜ ಹೇಳಿದ್ರೆ ನೀವೂ ಅವರ ಹಾಗೇ ಆಗ್ಬಿಡ್ತೀರಿ ಅನ್ನಿಸ್ತು. ನನಗೆ ಸಿಕ್ಕಿದ್ದು ಇಷ್ಟೇ, ಇದನ್ನೂ ಯಾಕೆ ಕಳ್ಕೊಳ್ಲಿ ಅಂತ ಸುಮ್ನಾದೆ." ಸ್ವಲ್ಪ ತಡೆದು ಅಂದಳು, "ನಾನೂ ಒಳ್ಳೇದು ಮಾಡ್ಲಿಲ್ಲ. ಗೊತ್ತು."

ಮೇಷ್ಟ್ರಿಗೆ ಆ ಕಾಗದ, ತಮ್ಮ ಕೈಬರಹದಲ್ಲಿ ವರ್ಷಗಳ ಸಾಲು, ಕೊನೆಯಲ್ಲಿ ತಾವೇ ಎಳೆದ ಗೆರೆ, ಎಲ್ಲ ಕಣ್ಣ ಮುಂದೆ ಬಂತು. ಕ್ಷಮಿಸು ಎಂಬ ಮಾತು ಅಷ್ಟು ದೊಡ್ಡ ತಪ್ಪಿಗೆ ಬಹಳ ಸಣ್ಣ ಚೀಟಿಯಂತೆ ಕಂಡಿತು. ಆದರೂ ಹೇಳಿದರು. ಅವಳು ತಲೆಯಾಡಿಸಿದಳು. ಕತ್ತಲಾದ ಮೇಲೆ ಎದ್ದು ದೀಪ ಹಾಕಿದಳು.

ಮಾರನೇ ದಿನ ಮೇಷ್ಟ್ರು ಡಾಕ್ಟರ ಹತ್ತಿರ ಹೋಗಿ ಆ ಅಲ್ಲಾಡುವ ಹಲ್ಲು ಕೀಳಿಸಿಕೊಂಡರು. ಡಾಕ್ಟರು ಇಕ್ಕಳ ಹಿಡಿದುಕೊಂಡೇ, "ಇವತ್ತೇನೂ ಒಪ್ಪಿಸೋದಿಲ್ಲ ತಾನೆ?" ಎಂದು ಕೇಳಿದರು. ಬಾಯಿ ತೆರೆದೇ ಇದ್ದದ್ದರಿಂದ ಮೇಷ್ಟ್ರು ಇಲ್ಲವೆಂದು ಕೈಯಾಡಿಸಿದರು.

ಶಿಷ್ಯೆಯ ಲ್ಯಾಬಿಗೆ ಹೋಗಲು ಮಾತ್ರ ಒಂದು ವಾರ ಹಿಡಿಯಿತು. ಎರಡು ಸಲ ಬಾಗಿಲವರೆಗೆ ಹೋಗಿ ತಿರುಗಿ ಬಂದರು. ಮೂರನೇ ಸಲ ಅವಳೇ ನೋಡಿ ಒಳಗೆ ಕರೆದಳು. ಇವರು ನಡೆದದ್ದು ಹೇಳಿ, ತಮ್ಮ ಬೆಂಚು ಬೇಕೆಂದು ಕೇಳಲಾಗದೆ, ಅದನ್ನೇ ನೋಡುತ್ತ ನಿಂತರು. ಅದರ ಮುಂದೆ ಈಗ ಬೇರೊಬ್ಬಳು ಕೂತು ಮೇಣ ಕೆತ್ತುತ್ತಿದ್ದಳು.

"ಬೆಂಚು ಖಾಲಿ ಇಲ್ಲ ಮೇಷ್ಟ್ರೇ," ಎಂದಳು ಶಿಷ್ಯೆ. "ಕಂಪ್ಯೂಟರ್ ಮುಂದೆ ಒಂದು ಸ್ಟೂಲಿದೆ. ಕಲೀತೀರಾ?"

ಮೇಷ್ಟ್ರು ಕಲಿಯತೊಡಗಿದರು. ಮೊದಲ ವಾರ ಅವರು ಪರದೆಯ ಮೇಲೆ ಬರೆದ ಮುಂದಿನ ಹಲ್ಲು ಬೂಟಿನ ಆಕಾರಕ್ಕೆ ಬಂತು. ಎರಡನೇ ವಾರ ಮೌಸು ಮೇಜಿನಿಂದ ಕೆಳಗೆ ಜಾರಿ ಜಾರಿ ಬೀಳುತ್ತಿತ್ತು. ಶಿಷ್ಯೆ ಬೆನ್ನ ಹಿಂದೆ ನಿಂತು, "ಅವಸರ ಮಾಡ್ಬೇಡಿ, ನಿಧಾನ," ಎನ್ನುವಳು. ಒಂದು ಕಾಲಕ್ಕೆ ಇದೇ ಮಾತನ್ನು ತಾವು ಎಷ್ಟು ದರ್ಪದಿಂದ ಅವಳಿಗೆ ಹೇಳುತ್ತಿದ್ದೆವೆಂದು ನೆನಪಾಗಿ ಮೇಷ್ಟ್ರ ಕಿವಿ ಕೆಂಪಾಗುತ್ತಿತ್ತು. ಯಾರಾದರೂ ಕೇಳಿದರೆ ಈಗ ಅವರೇ ಕಥೆ ಹೇಳುತ್ತಿದ್ದರು, ಅಕ್ಕ ಏಣಿಯ ಮಾತೆತ್ತಿದ ಜಾಗ ಬಂದಾಗ ತಾವೇ ಮೊದಲು ನಗುತ್ತಿದ್ದರು. ಎರಡನೇ ಮಗುವಿನ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಚೀಲ ಕಟ್ಟಿಕೊಂಡು ನಿಂತಿದ್ದಳು. ಕಳೆದ ವರ್ಷವಷ್ಟೇ ಅಂಚೆ ಕಚೇರಿಯ ಕೆಲಸ ಬಿಟ್ಟಿದ್ದಳು. ಮಗಳು ಇನ್ನೊಂದು ಊರಿನಲ್ಲಿ ಈಜುಕೊಳದಲ್ಲಿ ತರಬೇತಿ ಕೊಡುತ್ತಿದ್ದಳು.

"ಮಗಳ ಹತ್ರ ಹೋಗ್ತಿದೀನಿ. ಈಜು ಕಲೀಬೇಕು."

"ಈಗ್ಲಾ?"

"ಇಷ್ಟು ವರ್ಷ ನೀವು ಏಳು ಅಂದಾಗ ಎದ್ದೆ, ಹೋಗೋಣ ಅಂದ ಕಡೆ ಬಂದೆ. ನಿಮಗೆ ಟೈಮಿಲ್ಲ ಅಂತ. ಈಗ ನಿಮಗೆ ಬೇಕಾದಷ್ಟಿದೆಯಲ್ಲ, ಸ್ವಲ್ಪ ದಿನ ಒಬ್ಬರೇ ಇರಿ. ಅನ್ನಕ್ಕೆ ನೀರು ಎಷ್ಟಿಡಬೇಕು ಅಂತ ಬರೆದು ಗೋಡೆಗೆ ಅಂಟಿಸಿದೀನಿ."

ಬಸ್ಸು ಹತ್ತಿಸಿ ಬಂದ ಮೇಷ್ಟ್ರು ಮೊದಲ ವಾರ ಅನ್ನವನ್ನು ಗಂಜಿ ಮಾಡಿದರು, ಎರಡನೇ ವಾರ ಸೀಯಿಸಿದರು. ಐದು ಗಂಟೆಗೆ ಮನೆಗೆ ಬಂದು ಏನು ಮಾಡುವುದೆಂದು ತೋಚದೆ ಲ್ಯಾಬಿನಲ್ಲೇ ಏಳರವರೆಗೆ ಉಳಿಯತೊಡಗಿದರು. ಪರದೆಯ ಮೇಲಿನ ಹಲ್ಲುಗಳು ಹಲ್ಲುಗಳ ಹಾಗೇ ಕಾಣತೊಡಗಿದವು.

ಐವತ್ತೊಂಬತ್ತು ತುಂಬಿದ ದಿನ ಅವರು ರಜೆ ಹಾಕಿ ಮಗಳ ಊರಿಗೆ ಹೋದರು. ಈಜುಕೊಳದ ಒಳಗೆ ಬಿಸಿ ಹವೆ, ಕ್ಲೋರಿನ್ ವಾಸನೆ. ಆಳವಿಲ್ಲದ ತುದಿಯಲ್ಲಿ ಆರೇಳು ವರ್ಷದ ಎಂಟು ಹತ್ತು ಮಕ್ಕಳು ಸಾಲಾಗಿ ಹಲಗೆ ಹಿಡಿದು ಕಾಲು ಬಡಿಯುತ್ತಿದ್ದವು. ಅವರ ನಡುವೆ ನೀಲಿ ಟೋಪಿ ಹಾಕಿಕೊಂಡು ಮೇಷ್ಟ್ರ ಹೆಂಡತಿಯೂ ಕಾಲು ಬಡಿಯುತ್ತಿದ್ದಳು. ಮಗಳು ದಡದ ಮೇಲಿಂದ, "ಅಮ್ಮ, ಮಂಡಿ ಬಗ್ಗಿಸ್ಬೇಡ, ಎಷ್ಟು ಸಲ ಹೇಳ್ಲಿ," ಎಂದು ಗದರುತ್ತಿದ್ದಳು. ಪಕ್ಕದ ಪುಟ್ಟ ಹುಡುಗಿಯೊಬ್ಬಳು ಅವಳಿಗೆ ಏನೋ ಹೇಳಿಕೊಟ್ಟಳು. ಅವಳು ಗಮನವಿಟ್ಟು ಕೇಳಿ, ಹಾಗೇ ಮಾಡಿದಳು.

ಮೇಷ್ಟ್ರು ಬೆಂಚಿನ ಮೇಲಿದ್ದ ಟವೆಲ್ ಎತ್ತಿಕೊಂಡು ಅವಳು ಬರುವ ಕಡೆ ನಿಂತರು. ಅವಳು ಮೆಟ್ಟಿಲು ಹತ್ತಿ ಬಂದಳು. ಉಸಿರು ಹತ್ತಿತ್ತು, ಕಣ್ಣು ಕೆಂಪಾಗಿತ್ತು.

"ಹಲಗೆ ಬಿಟ್ಟು ಹತ್ತು ಅಡಿ ಹೋದೆ. ನೋಡಿದ್ರಾ?"

"ಇಲ್ಲ, ಈಗ ಬಂದೆ. ಇನ್ನೊಂದ್ಸಲ ಹೋಗ್ತೀಯಾ?"

"ಕಾಲು ನೋಯ್ತಿದೆ." ಟವೆಲ್ ತೆಗೆದುಕೊಂಡು ಮುಖ ಒರೆಸಿಕೊಂಡಳು. ಒಂದು ಗಳಿಗೆ ನಿಂತು, ಮತ್ತೆ ಟವೆಲ್ ಅವರ ಕೈಗೇ ಕೊಟ್ಟಳು. "ಇರಿ, ಹೋಗಿ ಬರ್ತೀನಿ. ಅಲ್ಲಿ ಕೂರಬೇಡಿ, ಇಲ್ಲೇ ನಿಂತ್ಕೊಳ್ಳಿ, ಆಗ್ಲೇ ಸರಿಯಾಗಿ ಕಾಣೋದು."